ಸೋಮವಾರದ ಎಲೆ

ಸೋಸಣ್ಣನಿಗೆ ಆ ಹೆಸರು ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿಕೊಂಡದ್ದು. ಸಸ್ಯ ಸಂಶೋಧನಾಲಯದಲ್ಲಿ ಎಲೆ, ಬೇರು, ತೊಗಟೆಗಳನ್ನು ಅರೆದು, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ ಸೋಸಿ ಅವನ ಬದುಕೇ ಒಂದು ಜರಡಿಯಂತಾಗಿತ್ತು. ಮನೆಯಲ್ಲಿ ಹೆಂಡತಿ ಸೋಸಿ ಕೊಟ್ಟ ಚಹಾವನ್ನು ಇನ್ನೊಮ್ಮೆ ಸೋಸಿಕೊಂಡೇ ಕುಡಿಯುತ್ತಿದ್ದ. ಮಾತನ್ನು ಮಾತ್ರ ಸೋಸದೆ ಆಡಿಬಿಡುತ್ತಿದ್ದ. ಇಲ್ಲಿ ಹೇಳಹೊರಟಿರುವ ಎಲ್ಲ ಅವಾಂತರಕ್ಕೂ ಆ ಒಂದು ಕೊರತೆಯೇ ಮೂಲ.

ಸಂಶೋಧನಾಲಯದ ತೋಟದ ಮೂಲೆಯಲ್ಲಿ ಎದೆಮಟ್ಟದ ಒಂದು ಗಿಡವಿತ್ತು. ಅದು ಬೆಳೆಯುತ್ತಿದ್ದ ಗುಡ್ಡವನ್ನು ಕಲ್ಲಿಗಾಗಿ ಅಗೆದು ಹಾಕಿದ ಮೇಲೆ, ತೋಟದವರು ಅಲ್ಲಿಂದ ತಂದ ಒಂದು ಹಿಡಿ ಬೀಜದಲ್ಲಿ ಬದುಕಿ ಉಳಿದದ್ದು ಅದೊಂದೇ. ಪುಸ್ತಕದಲ್ಲಿ ಅದಕ್ಕೆ ಉಸಿರು ಕಟ್ಟಿಸುವಷ್ಟು ಉದ್ದದ ಹೆಸರಿತ್ತು. ತೋಟದವರು ಅದನ್ನು ‘ಮೌನಿ’ ಎಂದು ಕರೆಯುತ್ತಿದ್ದರು. ಇನ್ನೂ ಹೂವಿಲ್ಲ, ವಾಸನೆಯಿಲ್ಲ, ಗಾಳಿ ಬೀಸಿದರೂ ಅಷ್ಟಾಗಿ ಅಲ್ಲಾಡುವುದಿಲ್ಲ. ಇಂಥ ಗಿಡದ ಎಲೆಯಲ್ಲಿ ಏನೇನು ರಾಸಾಯನಿಕ ವಸ್ತುಗಳಿವೆ ಎಂದು ಪತ್ತೆ ಮಾಡುವ ಕೆಲಸ ಸೋಸಣ್ಣನ ಪಾಲಿಗೆ ಬಂತು.

ಕೆಲಸವೇನೋ ಅವನಿಗೆ ನೀರು ಕುಡಿದಷ್ಟು ಸುಲಭ. ಸೋಸಿದ ರಸದ ಒಂದು ಹನಿಯನ್ನು ಯಂತ್ರದ ಬಾಯಿಗೆ ಬಿಡಬೇಕು. ಯಂತ್ರ ರಸದಲ್ಲಿರುವ ವಸ್ತುಗಳನ್ನು ಒಂದರಿಂದ ಒಂದು ಬೇರ್ಪಡಿಸಿ, ಪರದೆಯ ಮೇಲೆ ಒಂದೊಂದನ್ನೂ ಒಂದು ಗುಡ್ಡದಂತೆ ಬರೆಯುತ್ತದೆ. ಯಾವ ಗುಡ್ಡ ಯಾವ ವಸ್ತುವಿನದು ಎಂದು ಕಂಪ್ಯೂಟರೇ ಹೋಲಿಸಿ ಹೇಳುತ್ತದೆ. ಇಷ್ಟಕ್ಕೆ ಬುದ್ಧಿ ಬೇಕಿಲ್ಲ, ಸಮಾಧಾನ ಬೇಕು. ಸೋಸಣ್ಣನ ಸಮಾಧಾನವನ್ನು ಕೆಡಿಸುತ್ತಿದ್ದದ್ದು ಸೋಮವಾರದ ಸಭೆ.

ಸಭೆ ನಡೆಸುತ್ತಿದ್ದವರು ನಿರ್ದೇಶಕರು. ನಿವೃತ್ತಿಯ ಅಂಚಿನಲ್ಲಿದ್ದ ಅವರು ಒಳ್ಳೆಯ ಮನುಷ್ಯರು. ಆದರೆ ಯಾವ ವಿಷಯವನ್ನು ಹಿಡಿದರೂ ಅದರ ಅಜ್ಜನಿಂದ ಶುರುಮಾಡುತ್ತಿದ್ದರು. ಕುರ್ಚಿಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಕುರ್ಚಿಯ ಇತಿಹಾಸ ಬರುತ್ತಿತ್ತು. ಸಭೆ ಮುಗಿಯುವ ಹೊತ್ತಿಗೆ ಸೋಸಣ್ಣನ ತಲೆಯೊಳಗೆ ಯಾರೋ ಕೊಡಲಿಯಿಂದ ಸೌದೆ ಸೀಳುತ್ತಿರುವಂತೆ ಆಗುತ್ತಿತ್ತು. ಅವನು ಜೇಬಿನಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ಹಣೆಗೆ, ಕಿವಿಯ ಹಿಂದೆ, ಕತ್ತಿಗೆ ಚೆನ್ನಾಗಿ ತಿಕ್ಕಿಕೊಂಡು, ನಿಟ್ಟುಸಿರು ಬಿಟ್ಟು, ಎಲೆ ಅರೆಯಲು ಕೂರುತ್ತಿದ್ದ. ಕೈಗವಸು ಹಾಕಬೇಕೆಂಬ ನಿಯಮವೇನೋ ಇತ್ತು. ಆದರೆ ಉಗ್ರಾಣದವರು ತರಿಸಿದ ಕೈಗವಸು ಎಂಥ ಅಳತೆಯದೆಂದರೆ, ಒಂದರೊಳಗೆ ಅವನ ಎರಡು ಕೈಗಳೂ ಸಂಸಾರ ಹೂಡಬಹುದಿತ್ತು.

ಅಂಥದೊಂದು ಸೋಮವಾರ ಪರದೆಯ ಮೇಲೆ ಸಣ್ಣ ಪುಟ್ಟ ದಿಬ್ಬಗಳ ನಡುವೆ ಮೂರು ಎತ್ತರದ ಗುಡ್ಡಗಳು ಎದ್ದು ನಿಂತವು. ಕಂಪ್ಯೂಟರು ಒಂದನ್ನು ಕರ್ಪೂರ ಎಂದಿತು, ಇನ್ನೊಂದನ್ನು ಮೆಂಥಾಲ್ ಎಂದಿತು, ಮೂರನೆಯದನ್ನು ನೋವು ಕಳೆಯುವ ಸ್ಯಾಲಿಸಿಲೇಟ್ ಎಂದಿತು. ಈ ಮೂರೂ ಒಂದೇ ಎಲೆಯಲ್ಲಿ ಇಷ್ಟು ಧಾರಾಳವಾಗಿ ಸಿಕ್ಕಿದ್ದನ್ನು ಸೋಸಣ್ಣ ಕಂಡಿರಲಿಲ್ಲ, ಕೇಳಿರಲಿಲ್ಲ. ಹಾಗೆ ನೋಡಿದರೆ ಅವನು ಕಂಡೂ ಇದ್ದ, ಮೂಸಿಯೂ ಇದ್ದ, ಆ ಕ್ಷಣದಲ್ಲಿ ಜೇಬಿನಲ್ಲಿ ಇಟ್ಟುಕೊಂಡೂ ಇದ್ದ. ಆದರೆ ಕಣ್ಣಿಗೆ ಹತ್ತಿರದ ರೆಪ್ಪೆ ಕಣ್ಣಿಗೆ ಕಾಣುವುದಿಲ್ಲವಲ್ಲ.

ಆ ಸಂಜೆ ಮನೆಗೆ ಹೋದರೆ ಭಾವಮೈದುನ ಬಂದು ಕೂತಿದ್ದ. ಅವನನ್ನು ಬೀದಿಯ ನಿವಾಸಿಗಳ ಸಂಘಕ್ಕೆ ಉಪಾಧ್ಯಕ್ಷನನ್ನಾಗಿ ಆರಿಸಿದ್ದರಂತೆ. ಊಟ ಮುಗಿಯುವವರೆಗೂ ಆ ಹುದ್ದೆಯ ಹೊಣೆ ಎಷ್ಟು ಭಾರ, ಅದನ್ನು ಹೊರುವ ಹೆಗಲು ಎಂಥದು ಎಂದು ವಿವರಿಸಿದ. ಕೊನೆಗೆ, “ಭಾವ, ನಿಮ್ಮದೇನು ವಿಶೇಷ? ಅದೇ ಎಲೆ, ಅದೇ ಸೋಸೋದು?” ಎಂದ.

ಸೋಸಣ್ಣನಿಗೆ ಚುರುಕ್ಕೆಂದಿತು. “ಅದೇ ಎಲೆ ಅಲ್ಲ. ಲೋಕದಲ್ಲಿ ಇದೊಂದೇ ಗಿಡ ಉಳಿದಿರೋದು. ಅದರಲ್ಲಿ ಯಾರಿಗೂ ಸಿಗದ್ದು ನನಗೆ ಸಿಕ್ಕಿದೆ.”

“ಯಾವುದಕ್ಕೆ ಒಳ್ಳೇದು ಅದು?”

“ತಲೆನೋವಿಗೆ,” ಎಂದುಬಿಟ್ಟ ಸೋಸಣ್ಣ. ಆಮೇಲೆ, “ಇರಬಹುದು,” ಎಂದೂ ಸೇರಿಸಿದ. ಆದರೆ ಆ ‘ಇರಬಹುದು’ ಎಂಬ ಬಡಪಾಯಿ ಊಟದ ಕೋಣೆಯ ಹೊಸಿಲು ದಾಟಲಿಲ್ಲ. ‘ತಲೆನೋವಿಗೆ’ ಎಂಬುದು ಮಾತ್ರ ಬೆಳಗಾಗುವ ಮೊದಲೇ ಚಪ್ಪಲಿ ಹಾಕಿಕೊಂಡು ಬೀದಿಗಿಳಿಯಿತು.

ಇಳಿಯದೆ ಇರುವುದಾದರೂ ಹೇಗೆ? ಸೋಸಣ್ಣನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸು ಕೈ ಚಾಚಿ ನಿಂತಾಗ ಕಿವಿಗಳಿಗೆ ಬೇರೆ ಕೆಲಸವಿರುವುದಿಲ್ಲ. ತೋಳಿನ ಅಳತೆ ಮುಗಿಯುವಷ್ಟರಲ್ಲಿ ಎಲೆ ತಲೆನೋವಿನ ಔಷಧಿಯಾಗಿತ್ತು, ಸೊಂಟದ ಅಳತೆಯ ಹೊತ್ತಿಗೆ ನಿದ್ದೆ ಬಾರದವರಿಗೂ ಆಗುತ್ತಿತ್ತು. ಆ ಹೆಂಗಸು ತನ್ನ ಮನೆ ಸೇರುವುದರೊಳಗೆ ಎಲೆಗೆ ಗಂಡಂದಿರ ಸಿಡುಕು ಕಳೆಯುವ ಗುಣವೂ ಬಂದುಬಿಟ್ಟಿತ್ತು.

ಮೊದಲು ಬಾಗಿಲು ತಟ್ಟಿದವರು ಎದುರುಮನೆಯ ಸ್ಟೇಷನ್ ಮಾಸ್ತರರು. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಹೆಸರು ಬಿಟ್ಟಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು.

“ರೈಲಿನ ಸಿಳ್ಳು ಇನ್ನೂ ತಲೆಯೊಳಗೆ ಕೂಗ್ತಾನೇ ಇದೆ ಕಣಪ್ಪ. ಒಂದೇ ಒಂದು ಎಲೆ ಕೊಡು.”

“ಮಾಸ್ತರೇ, ಅದು ಹಾಗೆಲ್ಲ ಕೊಡೋ ಎಲೆ ಅಲ್ಲ. ಇನ್ನೂ ಪರೀಕ್ಷೆ ಆಗ್ತಿದೆ.”

“ಹಾಗಾದ್ರೆ ನನ್ನ ಮೇಲೇ ಪರೀಕ್ಷೆ ಮಾಡು. ನಾನೇನು ಬೇಡ ಅಂದ್ನಾ?”

ಇಲ್ಲವೆನ್ನಲು ಬಾಯಿ ಬಾರದೆ ಸೋಸಣ್ಣ ಮಾರನೆಯ ದಿನ, ಸೋಸಿ ಉಳಿದ ಎಲೆಯ ಚರಟವನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟ. ಮಾಸ್ತರರು ಅದನ್ನು ಹಣೆಗೆ ಮೆತ್ತಿ, ಮೇಲೊಂದು ಬಟ್ಟೆ ಬಿಗಿದು, ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದರು. ಎದುರಾದವರೆಲ್ಲ ನಿಂತು ಏನಾಯಿತೆಂದು ಕೇಳಿದರು. ಎಲ್ಲರಿಗೂ ಮೊದಲಿನಿಂದ ಹೇಳಿದರು. ಸಂಜೆಯ ಹೊತ್ತಿಗೆ ನೋವು ಹೋಗಿತ್ತು.

ಇತ್ತ ನಿರ್ದೇಶಕರು ಮೂರು ಗುಡ್ಡಗಳ ಚಿತ್ರವನ್ನು ನೋಡಿ ಮಾತೇ ಆಡಲಿಲ್ಲ. ಅವರ ಮಟ್ಟಿಗೆ ಅದು ಭೂಕಂಪದಷ್ಟು ದೊಡ್ಡ ಘಟನೆ. ಆಮೇಲೆ ಮೆಲ್ಲಗೆ, “ಇನ್ನೊಂದು ಸಲ ಮಾಡಿ ತೋರಿಸ್ತೀರಾ?” ಎಂದರು.

ಸೋಸಣ್ಣ ಬುಧವಾರ ಮಾಡಿದ. ಗುಡ್ಡಗಳಿಲ್ಲ. ಗುರುವಾರ ಮಾಡಿದ. ಅದೇ ಸಣ್ಣ ಪುಟ್ಟ ದಿಬ್ಬಗಳು. ಸೋಮವಾರ ಸಭೆ ಮುಗಿಸಿಕೊಂಡು, ಸಿಡಿಯುವ ತಲೆಗೆ ಮುಲಾಮು ತಿಕ್ಕಿಕೊಂಡು ಮತ್ತೆ ಮಾಡಿದ. ಮೂರೂ ಗುಡ್ಡಗಳು ಹಾಜರು, ಮೊದಲಿಗಿಂತ ಎತ್ತರವಾಗಿ.

“ಸೋಮವಾರ ಮಾತ್ರ ಬರುತ್ತೆ ಸಾರ್,” ಎಂದು ಬೆವರುತ್ತ ವರದಿ ಒಪ್ಪಿಸಿದ.

“ಗಿಡಕ್ಕೆ ಸೋಮವಾರ ಅಂತ ಹೇಗೆ ಗೊತ್ತಾಗುತ್ತೆ?”

“ಭಾನುವಾರ ತೋಟಕ್ಕೆ ರಜೆ ಸಾರ್. ನೀರು ಹಾಕೋರಿಲ್ಲ. ಬಾಯಾರಿಕೆಯ ಸಂಕಟಕ್ಕೆ ಉತ್ಪತ್ತಿ ಮಾಡುತ್ತೇನೋ.”

ಈ ವಾದವನ್ನು ಎಲ್ಲಿಂದ ಕಡಿದು ತಂದನೋ ಸೋಸಣ್ಣನಿಗೇ ಗೊತ್ತಿರಲಿಲ್ಲ. ಆದರೆ ನಿರ್ದೇಶಕರ ಕಣ್ಣುಗಳು ಮಿನುಗಿದವು. “ಸಂಕಟದಲ್ಲಿರೋ ಗಿಡ ಬೇರೆಯವರ ಸಂಕಟಕ್ಕೆ ಮದ್ದು ಮಾಡುತ್ತೆ. ಎಂಥ ಮಾತು ನೋಡಿ,” ಎಂದು ಕಿಟಕಿಯ ಕಡೆ ತಿರುಗಿದರು. “ಇಷ್ಟು ವರ್ಷದಲ್ಲಿ ಈ ಕಟ್ಟಡದಿಂದ ಒಂದಾದರೂ ಹೊಸದು ಹೊರಗೆ ಹೋಗಲಿ ಅಂತಿದ್ದೆ. ನಾನು ಹೋಗೋದರೊಳಗೆ ಬಂತು.”

ಮಾತು ಮೇಲಿನ ಇಲಾಖೆಗೂ ಹೋಯಿತು. ಇಲಾಖೆಯ ಕಾರ್ಯದರ್ಶಿಗಳು ತಾವೇ ಬರುವುದಾಗಿ ಹೇಳಿಕಳಿಸಿದರು. ಅವರಿಗೆ ಬಿಡುವಿದ್ದದ್ದು ಒಂದು ಸೋಮವಾರ ಮಧ್ಯಾಹ್ನ ಮಾತ್ರ. ನಿವೃತ್ತಿಗೆ ಇನ್ನೂ ಕೆಲವು ವಾರಗಳಿದ್ದರೂ, ನಿರ್ದೇಶಕರ ಬೀಳ್ಕೊಡುಗೆಯನ್ನು ಅಂದೇ ಮುಗಿಸಿ, ಅದೇ ವೇದಿಕೆಯಲ್ಲಿ ಎಲೆಯ ವಿಷಯ ಸಾರುವುದೆಂದು ಗೊತ್ತಾಯಿತು.

ಈ ಸಡಗರದಲ್ಲಿ ಗಿಡದ ಗತಿ ಏನಾಯಿತೆಂದು ಕೇಳಿದವರಿಲ್ಲ. ಜನ ಕಾಂಪೌಂಡು ಹಾರಿ ಬರತೊಡಗಿದ್ದರು. ಒಬ್ಬರು ಅತ್ತೆಗೆಂದು ಕಿತ್ತರು, ಒಬ್ಬರು ಅತ್ತೆಯಿಂದಾದ ತಲೆನೋವಿಗೆಂದು ಕಿತ್ತರು. ತೋಟದವರು ಸುತ್ತ ತಂತಿ ಬಿಗಿದು, ಛತ್ರಿ ಹಿಡಿದು ಗಿಡದ ಪಕ್ಕವೇ ಕೂತರೂ, ಅವರು ಊಟಕ್ಕೆದ್ದು ಬರುವಷ್ಟರಲ್ಲಿ ಒಂದು ಕೊಂಬೆ ಬೋಳಾಗಿರುತ್ತಿತ್ತು.

ಮುಂದಿನ ಸೋಮವಾರ ಸೋಸಣ್ಣ ಬುಟ್ಟಿ ಹಿಡಿದು ಹೋದಾಗ ತೋಟದವರು ಎದ್ದು ಅಡ್ಡ ನಿಂತರು.

“ಸಾರ್, ನೀವು ಕಂಡುಹಿಡಿಯೋಕೆ ಮುಂಚೆ ಇದಕ್ಕೆ ಎಲೆ ಇತ್ತು.”

ಸೋಸಣ್ಣ ಗಿಡವನ್ನು ನೋಡಿದ. ತುದಿಯಲ್ಲಿ ಎಣಿಸಬಹುದಾದಷ್ಟು ಎಲೆಗಳು ಉಳಿದಿದ್ದವು. ಕಿತ್ತ ಕಡೆಯಲ್ಲೆಲ್ಲ ಹಾಲಿನಂಥ ರಸ ಒಸರಿ ಒಣಗಿತ್ತು.

“ಇವತ್ತು ಕೊಡಲ್ಲ ಸಾರ್. ನಿರ್ದೇಶಕರಿಗೆ ದೂರು ಕೊಡಿ ಬೇಕಾದ್ರೆ.”

ದೂರು ಕೊಡುವ ಮನಸ್ಸಾಗದೆ ಅವನು ಖಾಲಿ ಬುಟ್ಟಿಯೊಂದಿಗೆ ಮರಳಿದ. ಸಭೆ ಆಗಲೇ ಮುಗಿದಿತ್ತು, ತಲೆ ಸಿಡಿಯುತ್ತಿತ್ತು, ಹಣೆಗೆ ಮುಲಾಮು ತಿಕ್ಕಿಕೊಂಡೂ ಆಗಿತ್ತು. ಯಂತ್ರವನ್ನಾದರೂ ತೊಳೆದಿಡೋಣವೆಂದು ಎಂದಿನಂತೆ ಬಟ್ಟಲು ಒರೆಸಿ, ಬರೀ ಸ್ಪಿರಿಟ್ಟು ಹಾಕಿ, ಎಲೆಯೇ ಇಲ್ಲದ ಆ ದ್ರವವನ್ನು ಅಭ್ಯಾಸಬಲದಿಂದ ಸೋಸಿ, ಒಂದು ಹನಿ ಯಂತ್ರಕ್ಕೆ ಬಿಟ್ಟ.

ಕರ್ಪೂರ ಎದ್ದಿತು. ಮೆಂಥಾಲ್ ಎದ್ದಿತು. ಸ್ಯಾಲಿಸಿಲೇಟೂ ಎದ್ದು ನಿಂತಿತು.

ಎಲೆಯಿಲ್ಲದೆ ಎಲೆಯ ಗುಣ ಬಂದಿದೆ. ಬೆವರು ಒರೆಸಿಕೊಳ್ಳಲು ಕೈಯನ್ನು ಮುಖದ ಹತ್ತಿರ ತಂದವನು ಅಲ್ಲೇ ನಿಲ್ಲಿಸಿದ. ಮೂಸಿದ. ಇನ್ನೊಂದು ಕೈಯನ್ನೂ ಮೂಸಿದ. ಜೇಬಿನಿಂದ ಡಬ್ಬಿ ತೆಗೆದು ಅದರ ಬೆನ್ನ ಮೇಲೆ ಅಚ್ಚಾಗಿದ್ದ ಸಣ್ಣ ಅಕ್ಷರಗಳನ್ನು ಓದಿದ. ಅವನು ಲೋಕಕ್ಕೆ ಹೊಸದಾಗಿ ಕೊಡಲು ಹೊರಟಿದ್ದ ಮೂರೂ ವಸ್ತುಗಳು ಅಲ್ಲಿ ಸಾಲಾಗಿ ಕೂತು ಅವನನ್ನೇ ನೋಡುತ್ತಿದ್ದವು.

ನೇರ ನಿರ್ದೇಶಕರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಭಾಷಣ ಬರೆಯುತ್ತಿದ್ದರು. ತಲೆಯೆತ್ತಲಿಲ್ಲ.

“ನಿಮಗೆ ಸಭಾಕಂಪ. ದೊಡ್ಡ ಕೆಲಸ ಮಾಡಿದವರಿಗೆಲ್ಲ ಹಾಗಾಗುತ್ತೆ. ಅದು ಶುರುವಾದದ್ದು ಹೇಗೆ ಅಂದ್ರೆ...”

“ಸಾರ್, ಅದು ಮುಲಾಮು.”

“ಸಮಾರಂಭ ಮುಗೀಲಿ. ಆಮೇಲೆ ಮಾತಾಡೋಣ.”

ಮನೆಯಲ್ಲಿ ಹೇಳಿದ. ಭಾವಮೈದುನ ಬೀದಿಯ ಜನರನ್ನೆಲ್ಲ ಸಮಾರಂಭಕ್ಕೆ ಕರೆದುಬಿಟ್ಟಿದ್ದ. “ಒಂದು ಸಲ ಕಂಡುಹಿಡಿದ ಮೇಲೆ ವಾಪಸು ತಗೊಳ್ಳೋಕೆ ಆಗಲ್ಲ ಭಾವ. ಸಂಘದ ಮರ್ಯಾದೆ ಏನಾಗಬೇಕು?” ಸ್ಟೇಷನ್ ಮಾಸ್ತರರು ಬೇರೆ ರೀತಿಯಲ್ಲಿ ನೊಂದುಕೊಂಡರು. “ಎಲೆ ಸುಳ್ಳು ಅಂತೀಯ. ನನ್ನ ನೋವು ಹೋದದ್ದು? ಅದೂ ಸುಳ್ಳಾ?” ನೋವು ಹೋದದ್ದಂತೂ ನಿಜ.

ಹೆಂಡತಿ ಮಾತ್ರ ಹೊಲಿಗೆ ನಿಲ್ಲಿಸಿ ಕೇಳಿದಳು. “ನೀವು ಹೇಳದೆ ಇದ್ರೆ ಏನಾಗುತ್ತೆ?”

“ಗಿಡ ಸಾಯುತ್ತೆ.”

“ಹೇಳಿದ್ರೆ?”

“ನಾನು ನಗೆಪಾಟಲಾಗ್ತೀನಿ. ನಿರ್ದೇಶಕರ ಮುಖ ಬಾಡುತ್ತೆ.”

“ನೀವು ನಗೆಪಾಟಲಾದ್ರೆ ಎಂಟು ದಿನಕ್ಕೆ ಸರಿಹೋಗುತ್ತೆ,” ಎಂದಳು ಅವಳು. “ಗಿಡಕ್ಕೆ ಹಾಗಿಲ್ಲವಲ್ಲ.” ಮತ್ತೆ ಹೊಲಿಗೆಯಂತ್ರ ತುಳಿಯತೊಡಗಿದಳು.

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ಹಿಂದಿನ ಸಾಲುಗಳಲ್ಲಿ ಇಡೀ ಬೀದಿಯೇ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಕಾರ್ಯದರ್ಶಿಗಳು ಮಾತಾಡಿದರು. ನಿರ್ದೇಶಕರು ಎಲೆಯ ವಿಷಯವನ್ನು ಮೊದಲ ಬೀಜ ಹುಟ್ಟಿದ ಕಾಲದಿಂದ ಎತ್ತಿಕೊಂಡರು. ಸೋಸಣ್ಣನ ತಲೆನೋವು ಎಂದಿನ ಗಡಿಯನ್ನು ದಾಟಿತು. ಅವನು ವೇದಿಕೆಯ ಪಕ್ಕದಲ್ಲಿ ನಿಂತು ಮುಲಾಮನ್ನು ಧಾರಾಳವಾಗಿ ತಿಕ್ಕಿಕೊಂಡ. ಅಷ್ಟರಲ್ಲಿ ಅವನನ್ನು ಕರೆದರು.

“ಹೆಚ್ಚು ಮಾತಾಡಲ್ಲ,” ಎಂದು ಮೈಕಿನ ಮುಂದೆ ನಿಂತು ಶುರುಮಾಡಿದ. “ಆ ಎಲೆಯಲ್ಲಿ ನಾವು ಹೇಳಿದ ಗುಣ ಇಲ್ಲ. ಸಿಕ್ಕಿದ್ದೆಲ್ಲ ನನ್ನ ಕೈಯಿಂದ ಬಂದದ್ದು. ಗುಣ ಏನಿದ್ರೂ ಈ ಕೈಯಲ್ಲಿದ್ದ...”

ಇಲ್ಲಿ ಮೈಕು ಕೀರಲು ದನಿಯಲ್ಲಿ ಕಿರುಚಿತು. ‘ಮುಲಾಮಿನದು’ ಎಂಬ ಮುಖ್ಯ ಪದ ಆ ಕಿರುಚಾಟದೊಳಗೆ ಹುಗಿದುಹೋಯಿತು. ಮೈಕು ಸುಮ್ಮನಾದಾಗ ಹಿಂದಿನ ಸಾಲಿನಲ್ಲಿ ಸ್ಟೇಷನ್ ಮಾಸ್ತರರು ಎದ್ದು ನಿಂತರು.

“ನಾನು ಆಗಲೇ ಅಂದ್ಕೊಂಡೆ. ನನಗೆ ಎಲೆ ಕೊಟ್ಟ ಕೈ ಯಾವುದು? ಇವನದೇ. ಎಲೆ ಬರೀ ನೆಪ. ಇದು ಕೈಗುಣ.”

‘ಕೈಗುಣ’ ಎಂಬ ಮಾತು ಸಾಲಿನಿಂದ ಸಾಲಿಗೆ ಗಾಳಿ ಹೊಕ್ಕಂತೆ ಹೊಕ್ಕಿತು. “ಅಲ್ಲ, ಅಲ್ಲ, ಡಬ್ಬಿಯಲ್ಲಿದ್ದದ್ದು,” ಎಂದು ಸೋಸಣ್ಣ ಕೈಯೆತ್ತಿದ. ಕೈಯೆತ್ತಿದ್ದನ್ನು ಮಾತ್ರ ಜನ ನೋಡಿದರು. ಭಾಷಣಗಳಿಂದ ಬಸವಳಿದಿದ್ದ ಕಾರ್ಯದರ್ಶಿಗಳು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, “ಬೆಳಗ್ಗಿನಿಂದ ನನಗೂ ಸಿಡೀತಿದೆ. ಒಂದು ಸಲ ಇಡಿ ನೋಡೋಣ,” ಎಂದು ಹಣೆ ಒಡ್ಡಿದರು. ಮೇಲಧಿಕಾರಿಯ ಹಣೆಯನ್ನು ಹಾಗೆ ಗಾಳಿಯಲ್ಲಿ ಕಾಯಿಸುವುದು ಸರಿಯೇ? ಸೋಸಣ್ಣ ಕೈಯಿಟ್ಟ. ಕೈತುಂಬ ಮುಲಾಮಿತ್ತು.

“ತಣ್ಣಗಾಯ್ತು,” ಎಂದರು ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡು.

ಗದ್ದಲದಲ್ಲಿ ಸೋಸಣ್ಣನ ಕಣ್ಣು ನಿರ್ದೇಶಕರ ಮೇಲೆ ಬಿತ್ತು. ಅಲ್ಲಿದ್ದವರಲ್ಲಿ ಅವನ ಮಾತನ್ನು ಸರಿಯಾಗಿ ಕೇಳಿಸಿಕೊಂಡವರು ಅವರೊಬ್ಬರೇ. ಅವರು ಭಾಷಣದ ಹಾಳೆಗಳನ್ನು ನಿಧಾನವಾಗಿ ಮಡಿಸಿ, ಕನ್ನಡಕ ತೆಗೆದು, ಯಾರಿಗೂ ಹೇಳದೆ ಪಕ್ಕದ ಬಾಗಿಲಿನಿಂದ ಹೊರಟುಹೋದರು.

ಅಂದಿನಿಂದ ಗಿಡದ ಕಡೆ ಯಾರೂ ಸುಳಿಯಲಿಲ್ಲ. ತೋಟದವರು ಛತ್ರಿ ಮಡಿಸಿದರು. ಕಾಂಪೌಂಡು ಹಾರುತ್ತಿದ್ದವರೆಲ್ಲ ಸೋಸಣ್ಣನ ಮನೆಯ ಮುಂದೆ ಸಾಲು ನಿಂತರು. ಹೆಂಡತಿಗೆ ಅಳತೆ ತೆಗೆಯಲು ಜಾಗವಿಲ್ಲ. ಭಾವಮೈದುನ ಉಪಾಧ್ಯಕ್ಷನ ಗತ್ತಿನಲ್ಲಿ ಸಾಲು ನೇರ ಮಾಡುತ್ತಿದ್ದ. ಸೋಸಣ್ಣ ಪ್ರತಿಯೊಬ್ಬರಿಗೂ ಡಬ್ಬಿ ತೋರಿಸಿ ವಿವರಿಸಿದ. “ದೊಡ್ಡವರು ಹೀಗೇ, ತಮ್ಮದು ಏನೂ ಇಲ್ಲ ಅಂತಾರೆ,” ಎಂದು ಜನ ತಮ್ಮತಮ್ಮಲ್ಲೇ ಮೆಚ್ಚಿಕೊಂಡರು. ಕಡೆಗೆ ಅವನು ಮುಲಾಮು ಮುಟ್ಟುವುದನ್ನೇ ಬಿಟ್ಟು, ಸೋಪು ಹಚ್ಚಿ ತೊಳೆದ ಕೈಯನ್ನೇ ಇಡತೊಡಗಿದ. ಬರೀ ಕೈ ಬರೀ ಕೈಯಷ್ಟೇ ಕೆಲಸ ಮಾಡಿತು. ವಾರ ಕಳೆಯುವುದರೊಳಗೆ, “ಗರ್ವ ಬಂತು, ಕೈಗುಣ ಹೋಯ್ತು,” ಎಂದು ತೀರ್ಮಾನಿಸಿ ಜನ ಚದುರಿದರು.

ಸ್ಟೇಷನ್ ಮಾಸ್ತರರು ಮಾತ್ರ ದಿನವೂ ಬಂದರು. ಸೋಸಣ್ಣ ಒಳಗೆ ಹೋಗಿ ಹೆಂಡತಿಯೊಂದಿಗೆ ಗೊಣಗಿದ. “ಇವರಿಗೆ ಎಷ್ಟು ಹೇಳಿದ್ರೂ ತಿಳಿಯೋದಿಲ್ಲ.”

“ಅವರಿಗೆ ಎಲ್ಲ ತಿಳಿದಿದೆ. ನಿಮಗೇ ತಿಳಿದಿಲ್ಲ,” ಎಂದಳು ಅವಳು. “ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ. ಅಷ್ಟೇ.”

ಸೋಸಣ್ಣ ಕೂತ. ಮಾಸ್ತರರು ಕಣ್ಣು ಮುಚ್ಚಿ, ತಮ್ಮ ಹೆಂಡತಿ ರೈಲಿನ ಸಿಳ್ಳು ಕೇಳಿಯೇ ಅನ್ನಕ್ಕೆ ಇಡುತ್ತಿದ್ದ ಕಥೆ ಹೇಳಿದರು. ಗಾಡಿ ತಡವಾದರೆ ಅನ್ನವೂ ತಡವಂತೆ. ಕೇಳುತ್ತ ಕೇಳುತ್ತ ಸೋಸಣ್ಣನಿಗೆ ಕೈ ತೆಗೆಯುವುದು ಮರೆತುಹೋಯಿತು.

ಪ್ರಯೋಗಾಲಯದಲ್ಲಿ ಅರ್ಧಕ್ಕೆ ನಿಂತ ಕೆಲಸ ಹಾಗೇ ಇತ್ತು. ಎಲೆಯಲ್ಲಿ ಏನಿಲ್ಲ ಎಂಬುದು ಗೊತ್ತಾಗಿತ್ತು, ಏನಿದೆ ಎಂಬುದು ಗೊತ್ತಾಗಿರಲಿಲ್ಲ. ಸೋಸಣ್ಣ ತನ್ನ ಅಳತೆಯ ಕೈಗವಸು ತಾನೇ ಕೊಂಡು ತಂದ. ತೋಟದವರು ತಾವಾಗಿಯೇ ಉದುರಿದ ಎಲೆಗಳನ್ನು ಆಯ್ದಿಟ್ಟು ಕೊಟ್ಟರು. ಮೊದಲು ಬರೀ ಸ್ಪಿರಿಟ್ಟನ್ನು ಯಂತ್ರಕ್ಕೆ ಬಿಟ್ಟು ಪರದೆ ಬಯಲಾಗಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಎಲೆಯ ರಸ ಬಿಟ್ಟ. ಯಾವ ಎಲೆಯಲ್ಲೂ ಇರುವ ಮೇಣ, ಒಗರು, ಹಸಿರು, ಎಲ್ಲ ಬಂದವು. ಅವೆಲ್ಲ ಮುಗಿದು ಇನ್ನೇನು ಯಂತ್ರ ನಿಲ್ಲಿಸಬೇಕೆನ್ನುವಾಗ, ತೀರಾ ಕೊನೆಯಲ್ಲಿ, ಇರುವೆಯ ಗೂಡಿನಷ್ಟು ಪುಟ್ಟ ದಿಬ್ಬವೊಂದು ಮೇಲೆದ್ದಿತು. ಕಂಪ್ಯೂಟರು ತನಗೆ ಗೊತ್ತಿದ್ದದ್ದನ್ನೆಲ್ಲ ತಡಕಾಡಿ, ಇಂಥದು ತನ್ನಲ್ಲಿಲ್ಲ ಎಂದು ಕೈಚೆಲ್ಲಿತು.

ಅದು ನಿರ್ದೇಶಕರ ಕೆಲಸದ ಕೊನೆಯ ದಿನ. ಸಮಾರಂಭವಾದ ಮೇಲೆ ಅವರು ಸೋಸಣ್ಣನ ಹತ್ತಿರ ಮಾತಾಡಿರಲಿಲ್ಲ, ಸೋಮವಾರದ ಸಭೆಯನ್ನೂ ಕರೆದಿರಲಿಲ್ಲ. ಸೋಸಣ್ಣ ಅವರ ಕೋಣೆಗೆ ಹೋಗಿ, “ಸಾರ್, ಒಂದು ನಿಮಿಷ ಬರ್ತೀರಾ?” ಎಂದ.

ಅವರು ಬಂದು ಪರದೆಯ ಮುಂದೆ ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು.

“ಕೈ ತೊಳೆದಿದ್ರಾ?”

“ತೊಳೆದಿದ್ದೆ ಸಾರ್. ಕೈಗವಸೂ ಇತ್ತು. ತಲೆನೋವೂ ಇರಲಿಲ್ಲ.”

ನಿರ್ದೇಶಕರು ನಗಬಹುದೆಂದು ಸೋಸಣ್ಣ ಕಾದ. ಅವರು ಆ ಪುಟ್ಟ ದಿಬ್ಬದ ಮೇಲಿಂದ ಕಣ್ಣು ತೆಗೆಯಲಿಲ್ಲ. ಅದರ ಚರಿತ್ರೆ ಹೇಳಲು ಅವರ ಬಳಿಯೂ ಏನೂ ಇರಲಿಲ್ಲ. ಆಮೇಲೆ ಕೇಳಿದರು.

“ಇದು ಏನು ಅಂತ ಖಚಿತವಾಗಿ ಹೇಳೋಕೆ ಎಷ್ಟು ಎಲೆ ಬೇಕಾಗುತ್ತೆ?”

“ಬುಟ್ಟಿಗಟ್ಟಲೆ ಬೇಕು ಸಾರ್.”

ಕಿಟಕಿಯಾಚೆ ತೋಟದವರು ಮಣ್ಣಿನ ಕುಂಡಗಳಿಗೆ ನೀರು ಚಿಮುಕಿಸುತ್ತಿದ್ದರು. ಮುರಿದ ಕೊಂಬೆಗಳ ಕಡ್ಡಿಗಳನ್ನು ಅವರು ಅವುಗಳಲ್ಲಿ ನೆಟ್ಟಿದ್ದರು. ತಾಯಿಗಿಡದ ತುದಿಯಲ್ಲಿ ಆಗತಾನೇ ಚಿಗುರು ಕಾಣಿಸಿಕೊಳ್ಳುತ್ತಿತ್ತು.

“ಕಡ್ಡಿ ಬದುಕುತ್ತಂತಾ?”

“ಒಂದೆರಡು ಬದುಕಬಹುದು ಅಂತಾರೆ. ದೊಡ್ಡದಾಗೋಕೆ ವರ್ಷಗಳು ಬೇಕು.”

ಕಚೇರಿಯ ಗುಮಾಸ್ತರು ಬೀಗದ ಕೈ ಇಸಿದುಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಪರದೆಗೆ ಮುಖ ಹಚ್ಚಿ ಕೂತದ್ದನ್ನು ಕಂಡು ಅವರ ಕಿವಿ ನೆಟ್ಟಗಾಯಿತು.

“ಮತ್ತೆ ಏನಾದ್ರೂ ಸಿಕ್ತಾ ಸಾರ್?”

ಸೋಸಣ್ಣನ ಬಾಯಿ ಅಭ್ಯಾಸದಂತೆ ತೆರೆದುಕೊಂಡಿತು. ನಿರ್ದೇಶಕರು ಅವನ ಮೊಣಕೈಯನ್ನು ಮೆಲ್ಲಗೆ ಒತ್ತಿ, ಇನ್ನೊಂದು ಕೈಯಿಂದ ಪರದೆ ಆರಿಸಿದರು.

“ಇಲ್ಲಪ್ಪ,” ಎಂದರು. “ಬರೀ ಎಲೆ.”